ಬ್ಯಾಟು ಹಿಡಿಯದವನು

ಮಲೇರಿಯಾ ಮೂಕಪ್ಪನ ಹತ್ತಿರ ನಲವತ್ತೊಂಬತ್ತು ಮಂದಿ ಕ್ರಿಕೆಟ್ ಆಟಗಾರರಿದ್ದರು, ಆದರೆ ಕ್ರಿಕೆಟ್ ಆಟವನ್ನು ಮಾತ್ರ ಅವನು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಒಂದು ಕಡೆಗೆ ಎಷ್ಟು ಜನ ಆಡುತ್ತಾರೆ ಎಂದು ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ. ನೋಡಬೇಕೆಂಬ ಆಸೆಯೂ ಇರಲಿಲ್ಲ. ಅವನ ಆಸೆಯೆಲ್ಲ ಇನ್ನೂ ಸಿಗದ ಐವತ್ತನೆಯವನ ಮೇಲೆ ಕೂತಿತ್ತು.

ಈ ಆಟಗಾರರು ರಟ್ಟಿನ ಚಿತ್ರಗಳು. ನಿಜಾಮರ ಆಳಿಕೆಯಲ್ಲಿ ಹುಮಾ ಮಾರ್ಕಿನ ಸಿಗರೇಟು ಅಂತ ಒಂದು ಬರುತ್ತಿತ್ತು. ಪ್ಯಾಕು ಮುದುಡದಿರಲೆಂದು ಅದರೊಳಗೆ ಬೆರಳುದ್ದದ ಒಂದು ಗಟ್ಟಿ ರಟ್ಟು ಇಡುತ್ತಿದ್ದರು. ಅದರ ಮುಂದುಗಡೆ ಹಸಿರು ಅಂಚಿನೊಳಗೆ ಬಿಳಿ ಬಟ್ಟೆ ತೊಟ್ಟ ಒಬ್ಬ ಆಟಗಾರ, ಹಿಂದುಗಡೆ ಅವನ ಹೆಸರು, ಊರು, ನಂಬರು, ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ. ಒಟ್ಟು ಐವತ್ತು. ಸೇದುವವರು ಸೇದಿ ಹೊಗೆ ಬಿಟ್ಟು ಪ್ಯಾಕನ್ನು ಎಸೆಯುತ್ತಿದ್ದರು. ಆ ಕಾಲಕ್ಕೆ ರಾಯಚೂರು ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ ಮೂಕಪ್ಪನ ಅಪ್ಪ, ಮುಂಬಯಿ ಕಡೆಯ ಗಾಡಿಯಿಂದ ಇಳಿದವರು ಮದ್ರಾಸಿನ ಗಾಡಿ ಕಾಯುತ್ತ ಬಿಸಾಕಿದ ಪ್ಯಾಕುಗಳನ್ನು ಹೆಕ್ಕಿ ತಂದು ಮಗನ ಮುಂದೆ ಹಾಕುತ್ತಿದ್ದ. ಅಪ್ಪ ತೀರಿಹೋದಾಗ ಮಗನ ಕೈಯಲ್ಲಿ ಹದಿನೇಳು ಚಿತ್ರಗಳಿದ್ದವು. ಬೇರೆ ಆಸ್ತಿ ಏನೂ ಇರಲಿಲ್ಲ.

ಮಸರಕಲ್ಲಿನ ಕೇರಿಯಲ್ಲಿ ಹುಟ್ಟಿ, ನಿಜಾಮರ ಸಾಲೆಯಲ್ಲಿ ನಾಲ್ಕಕ್ಷರ ಉರ್ದು ಕಲಿತು, ಆಮೇಲೆ ಕನ್ನಡವನ್ನೂ ಕಲಿತುಕೊಂಡ ಮೂಕಪ್ಪನಿಗೆ ಐವತ್ತೊಂಬತ್ತರಲ್ಲಿ ಮಲೇರಿಯಾ ಇಲಾಖೆಯಲ್ಲಿ ನೌಕರಿಯಾಯಿತು. ಖಾಕಿ ಚೀಲ ಹೆಗಲಿಗೇರಿಸಿಕೊಂಡು ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೆ ಹೋಗಬೇಕು. ಜ್ವರ ಬಂದವರು ಇದ್ದರೆ ಉಂಗುರದ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿ, ಕಹಿ ಗುಳಿಗೆ ಕೊಟ್ಟು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಹಾಕಿ ಸಹಿ ಮಾಡಬೇಕು. ಸರಕಾರಿ ಸೂಜಿಗೆ ಜಾತಿ ಇರಲಿಲ್ಲ, ಅದನ್ನು ಹಿಡಿದ ಕೈಗೆ ಇತ್ತು. ದೇವದುರ್ಗದ ದೊಡ್ಡ ದೊಡ್ಡ ಮನೆಗಳವರು ರಕ್ತ ಕೊಡಲು ಬೆರಳು ಚಾಚುತ್ತಿದ್ದರು, ಬಿಸಿಲಿಗೆ ಗಂಟಲೊಣಗಿ ನೀರು ಕೇಳಿದರೆ ಹೊಸ್ತಿಲ ಆಚೆ ಕೂರಿಸಿ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಮೂಕಪ್ಪ ಕುಡಿದು, ಬಾಯಿ ಒರೆಸಿಕೊಂಡು, ಗೋಡೆಗೆ ಸಹಿ ಮಾಡಿ ಮುಂದಿನ ಮನೆಗೆ ನಡೆಯುತ್ತಿದ್ದ. ಸಿಟ್ಟು ಬರುತ್ತಿರಲಿಲ್ಲವೇ ಎಂದರೆ ಬರುತ್ತಿತ್ತು. ಸಿಟ್ಟು ಮಾಡಿಕೊಂಡು ಕೂತರೆ ದಿನಕ್ಕೆ ಎಂಬತ್ತು ಮನೆ ಮುಗಿಯುವುದು ಹೇಗೆ?

ಹೊಸ್ತಿಲ ಆಚೆ ನಿಂತರೂ ಅವನ ಕಣ್ಣು ಒಳಗೆ ಓಡುತ್ತಿತ್ತು. ಆ ಸಿಗರೇಟು ನಿಂತು ಎಷ್ಟೋ ವರ್ಷಗಳಾಗಿದ್ದವು, ಆದರೆ ಅದರ ಚಿತ್ರಗಳು ಮನೆಮನೆಗಳಲ್ಲಿ ಉಳಿದುಕೊಂಡಿದ್ದವು. ಟ್ರಂಕಿನ ಮುಚ್ಚಳದ ಒಳಮೈಗೆ, ಕನ್ನಡಿಯ ಅಂಚಿಗೆ, ಗೋಡೆಯ ಗೂಡಿಗೆ ಜೋಳದ ಹಿಟ್ಟಿನ ಅಂಟು ಹಚ್ಚಿ ಅಂಟಿಸಿರುತ್ತಿದ್ದರು. ಕಂಡಕೂಡಲೇ ಮೂಕಪ್ಪ ಚೀಲದಿಂದ ಹೊಸ ಕ್ಯಾಲೆಂಡರಿನ ಚಿತ್ರವೊಂದನ್ನು ಹೊರತೆಗೆದು ಬದಲಿಗೆ ಕೇಳುತ್ತಿದ್ದ. ಮನೆ ನೋಡಿಕೊಂಡು ಬಸವಣ್ಣನೋ, ಲಕ್ಷ್ಮಿಯೋ, ಮಕ್ಕಾ ಮದೀನಾವೋ. ಬೆರಳುದ್ದದ ಹಳೇ ರಟ್ಟಿಗೆ ಮೊಳದುದ್ದದ ದೇವರು ಸಿಗುವಾಗ ಒಲ್ಲೆ ಎನ್ನುವವರು ಯಾರು? ಒದ್ದೆ ಬಟ್ಟೆಯನ್ನು ಚಿತ್ರದ ಮೇಲಿಟ್ಟು, ಅಂಟು ಬಿಡುವ ತನಕ ಕುಕ್ಕರಗಾಲಿನಲ್ಲಿ ಕೂತು ಕಾದು, ಮೆಲ್ಲಗೆ ಎಬ್ಬಿಸಿ ತರುತ್ತಿದ್ದ. ಹನ್ನೆರಡನೆಯ ನಂಬರು ದೇವದುರ್ಗದ ಕ್ಷೌರದಂಗಡಿಯ ಕನ್ನಡಿಯಿಂದ ಬಂತು. ನಲವತ್ನಾಲ್ಕನೆಯದು ಕಲ್ಮಲದ ಒಬ್ಬ ಮುದುಕಿಯ ಎಲೆಅಡಿಕೆ ಡಬ್ಬಿಯಿಂದ.

ಮದುವೆಯೂ ಆಗಿತ್ತು. ಹೆಂಡತಿ ತಿಮ್ಮವ್ವ ಎರಡು ವರ್ಷ ಬಾಳಿ ಯಾಪಲದಿನ್ನಿಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕರೆಯಲು ಹೋದಾಗ, ಗೋಡೆಗೆ ಸಹಿ ಮಾಡಿ ಹೋಗುವವನ ಹಾಗೆ ಮನೆಗೆ ಬರುತ್ತೀ, ನಿನ್ನ ಸಂಗಡ ಏನು ಬಾಳಲಿ ಎಂದಳು. ಮೂಕಪ್ಪ ಬಂದ ದಾರಿ ಹಿಡಿದ. ಮಾತು ಖರೆಯಿತ್ತು. ಮುಂದೆ ಅವಳಿಗೆ ಬೇರೊಬ್ಬನ ಸಂಗಡ ಉಡಿಕಿ ಮದುವೆಯಾಯಿತೆಂದು ಸುದ್ದಿ ಬಂತು. ಆ ಸಂಜೆ ಅವನು ಚಿತ್ರಗಳನ್ನು ನಂಬರಿನ ಪ್ರಕಾರ ಇಟ್ಟಿದ್ದ ಆಲ್ಬಮ್ಮು ತೆರೆದು, ಅಷ್ಟರವರೆಗೆ ಸಿಕ್ಕಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಪ್ಪತ್ತೈದನೇ ಇಸವಿಯ ಹೊತ್ತಿಗೆ ಆ ಆಲ್ಬಮ್ಮಿನಲ್ಲಿ ಖಾಲಿ ಉಳಿದಿದ್ದದ್ದು ಒಂದೇ ಜಾಗ, ಮೂವತ್ತೊಂದು.

ಅಷ್ಟರಲ್ಲಿ ಅವನನ್ನು ಮಾನ್ವಿಗೆ ಹಾಕಿದ್ದರು. ಎಪ್ಪತ್ತಾರರ ಮಳೆಗಾಲದಲ್ಲಿ ಉಮ್ಮೇ ಕುಲ್ಸುಮ್ ಎಂಬಾಕೆಯ ಮನೆಯ ಬಾಗಿಲು ಬಡಿದಾಗ, ಆಕೆ ಬೆರಳು ಚಾಚಲಿಲ್ಲ, ಮಗಳಿಗೆ ಮೂರು ದಿನದಿಂದ ಜ್ವರ, ಏಳಲಾರಳು, ಒಳಗೆ ಬನ್ನಿ ಎಂದಳು. ಮೂಕಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಒಳಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಪಕ್ಕದ ಮಂಚದ ಮೇಲೆ ಇಪ್ಪತ್ತೇಳರ ಹರೆಯದ ಜಾಹೆದಾ ಕಂಬಳಿ ಹೊದ್ದು ನಡುಗುತ್ತಿದ್ದಳು. ಬೆರಳಿಗೆ ಸೂಜಿ ಚುಚ್ಚಿ, ರಕ್ತ ಸವರಿ, ಗಾಜು ಆರಲೆಂದು ಊದುತ್ತ ತಲೆಯೆತ್ತಿದ. ಮಂಚದ ಮೇಲ್ಗಡೆಯ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಒಂದು ಸಣ್ಣ ಚೌಕಟ್ಟು ಇತ್ತು.

ಅದರೊಳಗಿನ ಮನುಷ್ಯ ಬಿಳಿ ಅಂಗಿ, ಬಿಳಿ ಪಾಟಲೋನು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ತೆಳು ಮೀಸೆ, ತಲೆಗೆ ಟೋಪಿ, ಹಿಂದೆ ನೀಲಿ ಆಕಾಶ. ಸುತ್ತ ಹಸಿರು ಅಂಚು. ಇಂಥವರು ಮೂಕಪ್ಪನ ಹತ್ತಿರ ನಲವತ್ತೊಂಬತ್ತು ಮಂದಿ ಇದ್ದರು, ಎಲ್ಲರ ಮುಖವೂ ಅವನಿಗೆ ಬಾಯಿಪಾಠವಾಗಿತ್ತು, ಇವನೊಬ್ಬ ಹೊಸಬ. ಹೊಸಬನೆಂದ ಮೇಲೆ ಮೂವತ್ತೊಂದರವನೇ. ಮೂಕಪ್ಪನ ಕೈಯಲ್ಲಿನ ಗಾಜು ಬೀಳುವುದರಲ್ಲಿತ್ತು.

ಅಭ್ಯಾಸದ ಮೇಲೆ ಬಾಯಿ ಓಡಿತು. ಮಕ್ಕಾ ಮದೀನಾದ ದೊಡ್ಡ ಚಿತ್ರ ಇದೆ, ಕೊಡುತ್ತೇನೆ, ಬದಲಿಗೆ ಆ ಸಣ್ಣದನ್ನು ಕೊಡುವಿರಾ ಎಂದು ಕೇಳಿಬಿಟ್ಟ. ಉಮ್ಮೇ ಕುಲ್ಸುಮ್ ಅವನನ್ನೇ ನೋಡಿದಳು.

“ಅದು ಜಾಹೆದಾನ ಅಪ್ಪಂದು ಫೋಟೋ ರೀ,” ಎಂದಳು.

ಮೂಕಪ್ಪ ತಪ್ಪಾಯಿತು ಎಂದು ಕೈಮುಗಿದ. ಗುಳಿಗೆ ಎಣಿಸಿಕೊಟ್ಟು ಹೊರಬಂದು, ಗೋಡೆಗೆ ಸಹಿ ಮಾಡುವಾಗ ತಾರೀಖನ್ನೇ ತಪ್ಪು ಹಾಕಿದ.

ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ಜಾಹೆದಾಳ ಜ್ವರ ಏರುತ್ತಾ ಹೋದಾಗ ಮೂಕಪ್ಪನೇ ಎತ್ತಿನ ಗಾಡಿ ಹೊಂದಿಸಿ ಆಸ್ಪತ್ರೆಗೆ ಒಯ್ದ, ಇಲಾಖೆಯ ಗುಳಿಗೆಗಳನ್ನು ತಾನೇ ನಿಂತು ನುಂಗಿಸಿದ, ಹದಿನಾಲ್ಕು ದಿನ ದಿನಾ ಬಂದುಹೋದ. ನಾವು ಸುಳ್ಳು ಹೇಳಬಾರದು, ಮೊದಲ ಕೆಲವು ದಿನ ಅವನು ಬಂದದ್ದು ಗೋಡೆಯ ಮೇಲಿನವನಿಗಾಗಿ. ಕೊನೆಕೊನೆಗೆ ಚಹಾಕ್ಕಾಗಿ ಬರತೊಡಗಿದ. ಆ ಮನೆಯಲ್ಲಿ ತಾಯಿ ಮಗಳು ಕುಡಿಯುವ ಬಸಿಯಲ್ಲೇ ಅವನಿಗೂ ಚಹಾ ಸುರಿದು ಕೊಡುತ್ತಿದ್ದರು, ಒಳಗೆ ಚಾಪೆಯ ಮೇಲೆ ಕೂರಿಸಿ. ಮೊದಲ ಸಲ ಬಸಿ ಕೈಗೆ ಬಂದಾಗ, ಕುಡಿದ ಮೇಲೆ ಇದನ್ನು ತಾನೇ ತೊಳೆದಿಡಬೇಕೇನೋ ಎಂದು ಮೂಕಪ್ಪ ಎದ್ದು ನಿಂತಿದ್ದ. ಉಮ್ಮೇ ಕುಲ್ಸುಮ್ ಗದರಿಸಿ ಕೂರಿಸಿದಳು. ಅವಳನ್ನು ಅವನು ಅಕ್ಕನೆಂಬ ಹಾಗೆ ಆಪಾ ಎನ್ನತೊಡಗಿದ. ಜಾಹೆದಾ ಅವನನ್ನು ಮಾಮೂ ಎಂದು ಕರೆದಳು. ನಲವತ್ತು ದಾಟಿದ ಮೇಲೆ ಮೊದಲ ಸಲ ಯಾರೋ ಅವನ ದಾರಿ ಕಾಯತೊಡಗಿದ್ದರು. ಸರದಿಯ ದಿನ ಹೊತ್ತಾದರೆ, ಯಾಕೆ ತಡವಾಯಿತು ಎಂದು ಕೇಳುವವರಿದ್ದರು. ಅದರ ರುಚಿ ಗೊತ್ತಿಲ್ಲದವನಿಗೆ ಅದು ಎಂಥದೆಂದು ಹೇಳಿ ತಿಳಿಸುವುದು ಕಷ್ಟ.

ಜಾಹೆದಾ ಹೊಲಿಗೆಗೆ ಕೂರುವ ಮೊದಲು ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. ಮೂಗು ನನಗೆ ಅಪ್ಪಂದೇ ಬಂದಿದೆಯಂತೆ ನೋಡಿ ಮಾಮೂ ಎಂದು ಪಕ್ಕಕ್ಕೆ ತಿರುಗಿ ತೋರಿಸುತ್ತಿದ್ದಳು. ಮೂಕಪ್ಪ ಹೌದೌದು ಎನ್ನುತ್ತಿದ್ದ. ನೋಡಿ ನೋಡಿ ಅವನಿಗೂ ಹೌದೆಂದೇ ಅನ್ನಿಸತೊಡಗಿತ್ತು.

ಒಂದು ಮಧ್ಯಾಹ್ನ ಜಾಹೆದಾ ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ಆಪಾ ತಾನಾಗಿಯೇ ಮಾತು ತೆಗೆದಳು. ಗೋಡೆಯ ಮೇಲಿನವನು ಯಾರೆಂದು ನಿಮಗೆ ಗೊತ್ತಾಗಿದೆ ಎಂಬುದು ನನಗೂ ಗೊತ್ತು, ಮೊದಲ ದಿನವೇ ನಿಮ್ಮ ಕಣ್ಣು ಹೇಳಿತು ಎಂದಳು. ಮೂಕಪ್ಪ ತಲೆ ತಗ್ಗಿಸಿದ.

ಆಕೆಯ ಗಂಡ ಕುತುಬುದ್ದೀನ್ ದೇವದುರ್ಗದ ತಹಸೀಲಿನಲ್ಲಿ ಜವಾನನಾಗಿದ್ದ. ನಲವತ್ತೆಂಟರಲ್ಲಿ ದಿಲ್ಲಿಯ ಫೌಜು ನಿಜಾಮರ ರಾಜ್ಯಕ್ಕೆ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ, ಹೈದರಾಬಾದಿನಲ್ಲಿದ್ದ ಅಣ್ಣನನ್ನು ನೋಡಿಬರುತ್ತೇನೆಂದು ಹೋದವನ ಸುದ್ದಿ ಮತ್ತೆ ಬರಲೇ ಇಲ್ಲ. ಜಾಹೆದಾ ಆಗ ಹೊಟ್ಟೆಯಲ್ಲಿದ್ದಳು. ಕೂಸನ್ನೆತ್ತಿಕೊಂಡು ಉಮ್ಮೇ ಕುಲ್ಸುಮ್ ತವರಾದ ಮಾನ್ವಿಗೆ ಬಂದಳು. ಮದುವೆಯಾದ ವರ್ಷವೇ ಹೋದ ಅಳಿಯನ ಮುಖ ಇಲ್ಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಫೋಟೋ ತೆಗೆಸುವ ರೂಢಿ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಸಾಲೆಗೆ ಹೋಗುವ ವಯಸ್ಸಿಗೆ ಜಾಹೆದಾ ಅಪ್ಪ ಹೇಗಿದ್ದ ತೋರಿಸು ಎಂದು ಅನ್ನ ಬಿಟ್ಟು ಕೂತಳು. ಎರಡು ದಿನ ತಡೆದ ತಾಯಿ ಮೂರನೆಯ ದಿನ ಗಂಡನ ಹಳೇ ಕೋಟಿನ ಜೇಬಿನಿಂದ ಸಿಗರೇಟಿನ ಚಿತ್ರಗಳನ್ನು ತೆಗೆದಳು. ಆರು ಇದ್ದವು. ಐದರಲ್ಲಿ ಮನುಷ್ಯನ ಕೈಯಲ್ಲಿ ಬ್ಯಾಟೋ ಚೆಂಡೋ ಇತ್ತು. ಒಬ್ಬನ ಕೈ ಮಾತ್ರ ಖಾಲಿ. ಅವನನ್ನೇ ಆರಿಸಿ ಚೌಕಟ್ಟು ಹಾಕಿಸಿ, ಮುಂದೆ ಯಾರಾದರೂ ಹೋಲಿಸಿ ನೋಡಿಯಾರೆಂದು ಉಳಿದ ಐವರನ್ನು ಒಲೆಗೆ ಹಾಕಿದಳು.

“ಇಂವನ್ನ ಗ್ವಾಡಿಗಿ ಹಾಕಿ ಇಪ್ಪತ್ಮೂರು ವರ್ಷ ಆತು ಮೂಕಪ್ಪ. ಈಗ ನನಗೂ ಅವರ ಮಾರಿ ನೆಪ್ಪಿಗಿ ಬರಲ್ದು. ಕಣ್ಣು ಮುಚ್ಚಿದರ ಇಂವನs ಬರ್ತಾನ,” ಎಂದಳು.

ಯಾರಿಗೂ ಹೇಳುವುದಿಲ್ಲ ಎಂದು ಮೂಕಪ್ಪ ಮಾತು ಕೊಟ್ಟ. ಆಲ್ಬಮ್ಮನ್ನು ಆ ಮನೆಗೆ ಎಂದೂ ಒಯ್ಯಲಿಲ್ಲ. ಖಾಲಿ ಜಾಗದ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತಿದ್ದದ್ದು ನಿಜ. ಆದರೆ ಮೂವತ್ತೊಂದರವನು ಎಲ್ಲಿದ್ದಾನೆ ಎಂಬುದು ಗೊತ್ತಿದೆಯಲ್ಲ, ಹದಿನೈದು ದಿನಕ್ಕೊಮ್ಮೆ ಕಣ್ಣಿಂದ ನೋಡುತ್ತೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಎರಡು ವರ್ಷ ಹಾಗೆಯೇ ನಡೆಯಿತು.

ಎಪ್ಪತ್ತೊಂಬತ್ತರ ಜನವರಿಯಲ್ಲಿ ರಾಯಚೂರಿನಲ್ಲಿ ಹವ್ಯಾಸಿಗಳ ಪ್ರದರ್ಶನ ಇಡುವುದೆಂದಾಯಿತು. ಅದನ್ನು ನಡೆಸುತ್ತಿದ್ದವರು ಸಾಬಣ್ಣ ಎಂಬ ಡ್ರಾಯಿಂಗ್ ಮಾಸ್ತರರು, ತಾವು ಬೆಂಕಿಪೊಟ್ಟಣದ ಚಿತ್ರ ಕೂಡಿಸುವವರು. ಮೂಕಪ್ಪನ ಆಲ್ಬಮ್ಮು ನೋಡಿ ದಂಗಾದರು. ಇದು ಪೂರಾ ಇದ್ದಿದ್ದರೆ ನಡುವಿನ ಮೇಜೇ ನಿಮ್ಮದಾಗುತ್ತಿತ್ತು, ಇಂಥ ಪೂರ್ತಿ ಸಾಲನ್ನು ನಾನಂತೂ ಎಲ್ಲೂ ಕಂಡಿಲ್ಲ ಎಂದರು. ಮೂಕಪ್ಪ ಸುಮ್ಮನಿರಬೇಕಿತ್ತು. ಮೂವತ್ತೊಂದು ಒಂದು ಕಡೆ ಇದೆ ರೀ, ತರಬಲ್ಲೆ ಎಂದುಬಿಟ್ಟ. ಮಾಸ್ತರರು ಆ ವಾರವೇ ಕರಪತ್ರ ಅಚ್ಚು ಹಾಕಿಸಿದರು. ಅದರಲ್ಲಿ ಎರಡನೆಯ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಶ್ರೀ ಮೂಕಪ್ಪ ಮಸರಕಲ್ ಎಂದಿತ್ತು.

ನಲವತ್ತೈದು ವರ್ಷದಲ್ಲಿ ತನ್ನ ಹೆಸರಿನ ಮೊದಲು ಶ್ರೀ ಎಂಬುದನ್ನು ಅವನು ನೋಡಿದ್ದು ಅದೇ ಮೊದಲು. ನೋಡಿ ಖುಷಿಪಟ್ಟ ಮೇಲೆ ಇನ್ನೊಬ್ಬರಿಗೆ ತೋರಿಸದೆ ಇರಲು ಆಗುತ್ತದೆಯೇ? ತೋರಿಸಬೇಕೆಂದರೆ ಅವನಿಗೆ ಲೋಕದಲ್ಲಿ ಇದ್ದದ್ದು ಒಂದೇ ಮನೆ. ಮುಂದಿನ ಸರದಿಗೆ ಮಾನ್ವಿಗೆ ಬಂದವನು ಚಹಾದ ಬಸಿ ಕೆಳಗಿಡುವ ಮೊದಲೇ ಕರಪತ್ರವನ್ನು ಜಾಹೆದಾಳ ಕೈಗೆ ಕೊಟ್ಟ. ಹಳೇ ಕಾಲದ ಸಣ್ಣಪುಟ್ಟ ಸಾಮಾನು ಕೂಡಿಸಿಟ್ಟಿದ್ದೇನೆ, ಅದನ್ನೇ ಇಡುತ್ತಾರೆ ಎಂದು ಮಾತು ಹಾರಿಸಿದ. ಅವಳು ಹೆಸರನ್ನು ಬೆರಳಿಟ್ಟು ಎರಡು ಸಲ ಓದಿದಳು. ಬರುವ ಮನಸ್ಸು ಬಹಳ ಇದೆ ಮಾಮೂ, ಆದರೆ ಮದುವೆಗಳ ಕಾಲ, ಹೊಲಿಗೆ ರಾಶಿ ಬಿದ್ದಿದೆ, ಎಲ್ಲಿ ಆಗುತ್ತದೆ ಎಂದಳು. ಮೂಕಪ್ಪನಿಗೆ ಒಂದು ಕಡೆ ಬೇಸರವಾಯಿತು, ಇನ್ನೊಂದು ಕಡೆ ಹಗುರವಾಯಿತು.

ಅವಳು ನೀರಿಗೆ ಹೋದಾಗ ಆಪಾನ ಮುಂದೆ ಕೂತು ಕೇಳಿದ. ಮೂರೇ ದಿನ, ಯಾರಿಗೂ ಗೊತ್ತಾಗುವುದಿಲ್ಲ, ಇದ್ದಹಾಗೆ ತಂದು ಮೊಳೆಗೆ ಹಾಕುತ್ತೇನೆ ಎಂದ. ಉಮ್ಮೇ ಕುಲ್ಸುಮ್ ಗೋಡೆಯ ಕಡೆ ನೋಡಿದಳು. ಜಾಹೆದಾ ಜ್ವರದಲ್ಲಿ ಬಡಬಡಿಸುತ್ತಿದ್ದಾಗ ಗಾಡಿಯ ಹಿಂದೆ ಮಳೆಯಲ್ಲಿ ನಡೆದುಬಂದ ಮನುಷ್ಯ ಇವನು, ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ, ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಎದ್ದು ಚೌಕಟ್ಟನ್ನು ಇಳಿಸಿ, ಒಲೆಯ ಹತ್ತಿರ ಒಯ್ದು, ಸೌಟಿನ ಹಿಂಬದಿಯಿಂದ ಗಾಜಿಗೆ ಒಂದು ಏಟು ಕೊಟ್ಟಳು. ಗಾಜು ಸೀಳಿತು.

“ಕೈಜಾರಿ ಬಿದ್ದು ಒಡೀತು, ಹೊಸಾ ಕಾಜು ಹಾಕ್ಸಾಕ ರಾಯಚೂರಿಗಿ ಕೊಟ್ಟೀನಿ ಅಂತೀನಿ. ನಾಕನೇ ದಿನಕ್ಕ ಮೊಳೀಗೆ ಇರಬೇಕು ನೋಡ್ರಿ,” ಎಂದಳು.

ರಾಯಚೂರಿನ ತನ್ನ ಕೋಣೆಗೆ ಬಂದು ಮೂಕಪ್ಪ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಕಿತ್ತ. ಚಿತ್ರವನ್ನು ತಿರುಗಿಸಿದ. ಮೂವತ್ತೊಂದು. ಎಂ. ಡಿ. ಸುತಾರ್‌ವಾಲಾ, ಮುಂಬಯಿ. ಅದನ್ನು ಖಾಲಿ ಜಾಗದಲ್ಲಿಟ್ಟು ಹಿಂದೆ ಸರಿದು ಕೂತ. ಅಪ್ಪ ಪ್ಲಾಟ್‌ಫಾರಂ ಮೇಲೆ ಬಗ್ಗಿ ಹೆಕ್ಕಿದ್ದು, ತಾನು ಊರೂರು ತಿರುಗಿ ಒದ್ದೆ ಬಟ್ಟೆ ಹಿಡಿದು ಕೂತದ್ದು ಎಲ್ಲ ಇವತ್ತಿಗೆ ದಡ ಮುಟ್ಟಿತು ಎನ್ನಿಸಿತು. ಹೇಳಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಬಳಿಕ ಕೂತು ಪ್ರತಿಯೊಬ್ಬನ ಕೆಳಗೆ ಅಂಟಿಸಲು ಚೀಟಿ ಬರೆದ, ನಂಬರು, ಹೆಸರು, ಊರು, ಕನ್ನಡದಲ್ಲಿ ಒಂದು ಸಾಲು, ಉರ್ದುವಿನಲ್ಲಿ ಒಂದು ಸಾಲು. ಅಕ್ಷರ ಅಚ್ಚಿನ ಹಾಗೆ ಬಂದಿತ್ತು.

ಪ್ರದರ್ಶನ ಎರಡು ದಿನ. ಜನ ಮುಗಿಬಿದ್ದರು ಎಂದರೆ ಹೆಚ್ಚಾಯಿತು, ಬಂದವರಂತೂ ನಡುವಿನ ಮೇಜಿನ ಮುಂದೆ ನಿಂತೇ ಹೋದರು. ಕರಿ ಕೋಟು ತೊಟ್ಟ ಒಬ್ಬ ವಕೀಲರು ಮೂಕಪ್ಪನ ಕೈ ಕುಲುಕಿದರು. ಕ್ರಿಕೆಟ್ ಬಲ್ಲ ಕಾಲೇಜಿನವರು ಅವನಿಗೆ ತಿಳಿಯದ ಪ್ರಶ್ನೆ ಕೇಳಿದರು, ಅವನು ತಿಳಿದವನ ಹಾಗೆ ನಕ್ಕ. ಎರಡನೆಯ ದಿನ ಮಧ್ಯಾಹ್ನ ಜನ ಕಡಿಮೆಯಾಗಿದ್ದಾಗ ಬಾಗಿಲಲ್ಲಿ ಜಾಹೆದಾ ಕಾಣಿಸಿಕೊಂಡಳು. ಕೈಯಲ್ಲಿ ಕಾಗದದ ಪೊಟ್ಟಣ. ಮಾನ್ವಿಯಿಂದ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಮಾಮೂ ಇಂಥ ದಿನ ಖಾಕಿ ಅಂಗಿಯಲ್ಲಿ ನಿಂತಿರಬಾರದೆಂದು ಮದುವೆಯ ಬಟ್ಟೆಗಳ ನಡುವೆ ಬಿಡುವು ಮಾಡಿಕೊಂಡು, ಅಳತೆಯನ್ನು ಕಣ್ಣಲ್ಲೇ ತೆಗೆದು, ಅವನಿಗೊಂದು ಅಂಗಿ ಹೊಲಿದು ತಂದಿದ್ದಳು. ಪೊಟ್ಟಣ ಅವನ ಕೈಗಿಟ್ಟು ನಗುತ್ತ ಮೇಜಿನ ಕಡೆ ತಿರುಗಿದಳು.

ಮೂಕಪ್ಪ ಪೊಟ್ಟಣ ಹಿಡಿದುಕೊಂಡೇ ನಿಂತ. ಅಡ್ಡ ನಿಲ್ಲಬಹುದಿತ್ತು. ಆಚೆ ಕಡೆ ನಾಣ್ಯಗಳಿವೆ ಬಾ ಎಂದು ಕರೆದೊಯ್ಯಬಹುದಿತ್ತು. ಒಂದೂ ಮಾಡಲಿಲ್ಲ. ಅವಳು ಒಂದನೆಯ ನಂಬರಿನಿಂದ ಶುರುಮಾಡಿ ಉರ್ದು ಸಾಲನ್ನು ಮೆಲ್ಲಗೆ ಓದುತ್ತ ಹೋದಳು. ಹಸಿರು ಅಂಚು, ನೀಲಿ ಆಕಾಶ, ಬಿಳಿ ಬಟ್ಟೆ. ಐದಾರು ಜನರನ್ನು ದಾಟಿದ ಮೇಲೆ ಅವಳ ಓದು ನಿಧಾನವಾಯಿತು. ಹತ್ತು ದಾಟಿದ ಮೇಲೆ ದನಿ ನಿಂತುಹೋಯಿತು, ಬೆರಳು ಮಾತ್ರ ಸರಿಯುತ್ತಿತ್ತು. ಅದು ಮೂವತ್ತೊಂದರ ಹತ್ತಿರ ಬಂದು ನಿಂತಿತು.

ಆಮೇಲೆ ಕೆಳಗಿನ ಚೀಟಿಯನ್ನು ತೋರಿಸಿ ಕೇಳಿದಳು.

“ಈ ಅಕ್ಷರ ನಿಮ್ಮವs ಏನ್ರಿ?”

“ಹೂಂ ಯವ್ವಾ,” ಎಂದ ಮೂಕಪ್ಪ.

ಅವಳು ಮೂವತ್ತೆರಡನೆಯವನನ್ನು, ಮೂವತ್ಮೂರನೆಯವನನ್ನು, ಹೀಗೆ ಕೊನೆಯವರೆಗೆ ಎಲ್ಲರನ್ನೂ ನೋಡಿದಳು. ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಂದ ಬಾಗಿಲಿನಿಂದಲೇ ಹೋದಳು. ಮೂಕಪ್ಪ ರಸ್ತೆಯವರೆಗೆ ಹಿಂದೆ ಓಡಿದ. ಕರೆಯಲು ಬಾಯಿ ತೆರೆದರೆ ಏನೆಂದು ಕರೆಯುವುದು ತಿಳಿಯಲಿಲ್ಲ. ಸಂಜೆ ಸಾಬಣ್ಣ ಮಾಸ್ತರರು ಅವನ ಕೊರಳಿಗೆ ಹಾರ ಹಾಕಿದಾಗ, ಈ ಮನುಷ್ಯನಿಗೆ ಸಂತೋಷ ತಡೆಯಲಾಗುತ್ತಿಲ್ಲ ಎಂದು ಜನ ತಿಳಿದರು. ಅವನು ಅಳುತ್ತಿದ್ದ.

ನಾಲ್ಕನೆಯ ದಿನ ಚಿತ್ರವನ್ನು ಮತ್ತೆ ಒಳಗಿಟ್ಟು ಹೊಸ ಗಾಜು ಹಾಕಿಸಿದ ಚೌಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾನ್ವಿಗೆ ಹೋದ. ಬಾಗಿಲು ತೆರೆದವಳು ಜಾಹೆದಾ. ಒಳಗೆ ಬನ್ನಿ ಎನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಮೂಕಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಒಳಕೋಣೆಯಲ್ಲಿ ಆಪಾ ಕೆಮ್ಮಿದ್ದು ಕೇಳಿಸಿತು, ಹೊರಗೆ ಬರಲಿಲ್ಲ. ಮೂಕಪ್ಪ ಚೌಕಟ್ಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ತಪ್ಪು ನನ್ನದು, ನಿನ್ನ ತಾಯಿಯದಲ್ಲ, ಅವರು ನಿನ್ನ ಮೇಲಿನ ಪ್ರೀತಿಗೆ ಮಾಡಿದರು, ನಾನು ನನ್ನ ಹೆಸರಿನ ಆಸೆಗೆ ಮಾಡಿದೆ ಎಂದ. ಅವಳು ಕೈ ಚಾಚಲಿಲ್ಲ.

“ಅದು ನಿಮ್ದು ಸಾಹೇಬ್ರ, ನೀವs ಇಟ್ಕೋರಿ. ಅಮ್ಮನ ಮ್ಯಾಲ ನನಗ ಸಿಟ್ಟಿಲ್ಲ, ನಿಮ್ಮ ಮ್ಯಾಲೂ ಇಲ್ಲ. ಮೊದಲ ಅಪ್ಪಾ ಅಂದ್ರ ಒಂದು ಮಾರಿ ಬರ್ತಿತ್ತು. ಈಗ ಯಾರೂ ಬರಲ್ರು.”

ಮಾಮೂ ಹೋಗಿ ಸಾಹೇಬ್ರು ಬಂದದ್ದು ಮೂಕಪ್ಪನ ಕಿವಿಗೆ ಬಿತ್ತು. ಅವನು ಇನ್ನಷ್ಟು ಹೊತ್ತು ಚೌಕಟ್ಟು ಹಿಡಿದುಕೊಂಡೇ ನಿಂತಿದ್ದ. ಅವಳು ಹೊಲಿಗೆ ಇದೆ ಎಂದು ಒಳಗೆ ಹೋದಳು. ಮಷಿನ್ನು ತಿರುಗುವ ಸದ್ದು ಶುರುವಾಯಿತು.

ಸರದಿ ತಪ್ಪಿಸುವ ಹಾಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದ. ತಾಯಿ ಮಗಳಲ್ಲಿ ಒಬ್ಬರು ಬಾಗಿಲಿಗೆ ಬಂದು, ಯಾರಿಗೂ ಜ್ವರ ಇಲ್ಲ ರೀ ಎಂದು ಮರ್ಯಾದೆಯಿಂದಲೇ ಹೇಳುತ್ತಿದ್ದರು. ಅವನು ಹೊಸ್ತಿಲ ಆಚೆ ನಿಂತು ಸಹಿ ಮಾಡುತ್ತಿದ್ದ. ಒಂದು ಬೇಸಿಗೆಯ ಮಧ್ಯಾಹ್ನ ನೀರು ಕೇಳಿದಾಗ ಆಪಾ ಚೊಂಬನ್ನು ಕೈಗೇ ಕೊಟ್ಟಳು. ಕೊಟ್ಟು, ಅವನು ಕುಡಿದು ಮುಗಿಸುವ ತನಕ ಬೀದಿಯ ಕಡೆ ನೋಡುತ್ತ ನಿಂತಳು. ಒಂದು ವರ್ಷ ಹೀಗೆ ತಡೆದುಕೊಂಡ. ಆಮೇಲೆ ಜಿಲ್ಲಾ ಕಚೇರಿಗೆ ಅರ್ಜಿ ಬರೆದು ತಿರುಗಿ ದೇವದುರ್ಗಕ್ಕೆ ಹಾಕಿಸಿಕೊಂಡ.

ಆಲ್ಬಮ್ಮಿನಲ್ಲಿ ಮೂವತ್ತೊಂದರ ಜಾಗವನ್ನು ಅವನು ಮತ್ತೆ ತುಂಬಲಿಲ್ಲ. ಒಮ್ಮೆ ಚಿತ್ರವನ್ನು ಅಲ್ಲಿಟ್ಟು ನೋಡಿದ, ಕೂಡಲೇ ತೆಗೆದುಬಿಟ್ಟ. ಟ್ರಂಕಿನಲ್ಲಿಟ್ಟರೆ, ಯಾರನ್ನೋ ಕೂಡಿಹಾಕಿದ ಹಾಗಾಯಿತು. ಕೊನೆಗೆ ದೇವದುರ್ಗದ ಬಾಡಿಗೆ ಕೋಣೆಯಲ್ಲಿ, ತಾನು ಮಲಗುವ ಕಡೆಯ ಗೋಡೆಗೆ ಮೊಳೆ ಹೊಡೆದು ಚೌಕಟ್ಟನ್ನು ತೂಗುಹಾಕಿದ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಗಾಜನ್ನು ಟವೆಲಿನಿಂದ ಒರೆಸುವುದು ರೂಢಿಯಾಯಿತು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಮೂಕಪ್ಪ ಕಾಯಿಲೆ ಬಿದ್ದು ನೆಲ ಹಿಡಿದು ಮಲಗಿದ. ಕೋಣೆಯ ಒಡತಿ ಹಂಪಮ್ಮ ಗಂಜಿ ತಂದುಕೊಟ್ಟು, ಕುಡಿಯುವ ತನಕ ಬಾಗಿಲಲ್ಲಿ ಕೂತಳು. ನಾಲ್ಕು ವರ್ಷದಿಂದ ಇದ್ದರೂ ಈ ಮನುಷ್ಯನನ್ನು ನೋಡಲು ಒಂದು ನರಪಿಳ್ಳೆಯೂ ಬಂದದ್ದನ್ನು ಅವಳು ಕಂಡಿರಲಿಲ್ಲ. ಅವಳ ಕಣ್ಣು ಗೋಡೆಯ ಕಡೆ ಹೋಯಿತು.

“ಅವ್ರು ಯಾರ್ರಿ, ನಿಮ್ಮ ಪೈಕಿಯವ್ರೇನು?”

ಮೂಕಪ್ಪ ಗಂಜಿಯ ಗಂಗಾಳ ಕೆಳಗಿಟ್ಟ.

“ಕುತುಬುದ್ದೀನ್ ಸಾಹೇಬ್ರು ಅಂತ. ಇದs ದೇವದುರ್ಗದ ತಹಸೀಲ್‌ನ್ಯಾಗ ಇದ್ರು. ಜಾಹೆದಾ ಅಂತ ಮಗಳದಾಳ, ಮಾನ್ವ್ಯಾಗ. ಮೂಗು ಅಪ್ಪಂದs ಬಂದಾದ.”

ಸಾಬರ ಫೋಟೋ ನಿಮ್ಮ ಗೋಡೆಯ ಮೇಲೆ ಯಾಕೆ, ಅವರು ನಿಮಗೇನಾಗಬೇಕು ಎಂದು ಹಂಪಮ್ಮ ಕೇಳಿದಳು. ಮೂಕಪ್ಪ ಗೋಡೆಯ ಕಡೆ ತಿರುಗಿದ.

“ಅವರ ಮನ್ಯಾಗ ಚಾ ಕುಡೀತಿದ್ದೆ,” ಎಂದ.